ಉಪ್ಪಿನ ಕೂಗು

ಲಕ್ಕಲಕಟ್ಟಿ
೧೦ ನವೆಂಬರ್ ೨೦೨೪, ಭಾನುವಾರ

ಚಿ. ಸೌ. ರೇಷ್ಮಾಳಿಗೆ ನಿನ್ನ ಅಪ್ಪ ಕನಕಪ್ಪನ ಆಶೀರ್ವಾದಗಳು.

ನಮ್ಮ ಕುರಿ ಸತ್ತ ಕಥೆಯನ್ನು ನಿನಗೆ ಮೊದಲು ಹೇಳಿದವಳು ನಿನ್ನ ಸೋದರತ್ತೆ ಕಳಕವ್ವ. ದೀಪಾವಳಿ ಪಾಡ್ಯದ ಸಂಜೆ, ಶಿರೋಳದ ಅವಳ ಮನೆಯ ಪಡಸಾಲೆಯಲ್ಲಿ, ನಿನ್ನ ತಾಟಿಗೆ ಕರ್ಚಿಕಾಯಿ ಹಾಕುತ್ತ ಹೇಳಿದಳಂತೆ. ನನ್ನ ತಂಗಿ ಕಥೆ ಹೇಳುವುದರಲ್ಲಿ ನನಗಿಂತ ಒಂದು ಕೈ ಮೇಲು. ಅವಳ ಕಥೆಯಲ್ಲಿ ಒಬ್ಬ ಬೇಜವಾಬ್ದಾರಿ ಆಳು ಇದ್ದ, ನೀಲಿ ವಿಷ ಇತ್ತು, ಪಾಪ ಏನೂ ಅರಿಯದ ಒಬ್ಬ ಯಜಮಾನ ಇದ್ದ. ಕೇಳಲಿಕ್ಕೆ ಚಲೋ ಕಥೆ. ಅದರಲ್ಲಿ ನೀಲಿ ವಿಷವೊಂದೇ ಖರೆ.

ಇದನ್ನು ಬರೆಯಲು ಇಷ್ಟು ತಡವಾದದ್ದಕ್ಕೆ ಅಪ್ಪನ ಮೇಲೆ ಸಿಟ್ಟಾಗಬೇಡ. ಹಬ್ಬದ ನಂತರ ನಾನು ಎಷ್ಟೋ ಸಲ ಫೋನ್ ಮಾಡಿದೆ. ಪ್ರತಿ ಸಲವೂ ಮಳೆ ನಿಂತಿತೇ, ಉಳ್ಳಾಗಡ್ಡಿ ಕೊಳೆಯಲಿಲ್ಲ ತಾನೇ, ಅಳಿಯಂದಿರ ಅಂಗಡಿ ಹೇಗೆ ನಡೆದಿದೆ ಎಂದು ಕೇಳಿ ಇಟ್ಟುಬಿಟ್ಟೆ. ಫೋನಿನಲ್ಲಿ ನಿನ್ನ ಉಸಿರು ಕೇಳುತ್ತದೆ. ಅದು ಕೇಳಿದ ಕೂಡಲೇ ನನ್ನ ಮಾತು ಹಾದಿ ಬಿಟ್ಟು ಹೊಲಕ್ಕಿಳಿಯುತ್ತದೆ. ಕಾಗದಕ್ಕೆ ಉಸಿರಿಲ್ಲ. ಆದ್ದರಿಂದ ಈಗಿನ ಕಾಲದಲ್ಲೂ ಮಗಳಿಗೆ ಕಾಗದ ಬರೆಯುತ್ತ ಕುಳಿತಿದ್ದೇನೆ. ನಾಳೆ ಮುಜಫ್ಫರ ಉಳ್ಳಾಗಡ್ಡಿ ಹೇರಿಕೊಂಡು ನರಗುಂದಕ್ಕೆ ಬರುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಎರಡು ಸೇರು ಹೊಸ ಹೆಸರುಕಾಳನ್ನೂ ನಿನ್ನವ್ವ ಕಟ್ಟಿಟ್ಟಿದ್ದಾಳೆ. ಅವಳ ಮೊಣಕಾಲ ನೋವು ಹಾಗೆಯೇ ಇದೆ. ನಾಲಿಗೆಗೇನೂ ನೋವಿಲ್ಲ.

ಅತ್ತೆಯ ಮಾತು ಕೇಳಿ ನೀನು ಅಲ್ಲೇ ಕುಳಿತು ದುರ್ಗೇಶನಿಗೆ ಫೋನ್ ಹಚ್ಚಿದೆಯಂತೆ. ಯಾವ ದುರ್ಗೇಶ? ನಿನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹಳ್ಳ ದಾಟಿಸಿ ಸಾಲಿಗೆ ಬಿಟ್ಟವನು. ಅವನ ಅಪ್ಪ ದುರಗಪ್ಪ ತೀರಿಕೊಂಡ ಮೇಲೆ ನಮ್ಮ ಹಿಂಡನ್ನೇ ತನ್ನ ಮನೆ ಮಾಡಿಕೊಂಡವನು. ಅವನಿಗೆ ನೀನು ಏನಂದೆ ಎಂಬುದನ್ನು ಅವನು ನನಗೆ ಹೇಳಲಿಲ್ಲ. ಅವನ ಹೆಂಡತಿ ಮಾಲಾ ನಿನ್ನವ್ವನ ಮುಂದೆ ಹೇಳಿ ಅತ್ತಳು. "ಅಣ್ಣಾ, ಮೂಕ ಜೀವಾ ನಿನ್ನ ಕೈಯಾಗ ಕೊಟ್ಟಿದ್ವಿ. ಇನ್ನ ಮ್ಯಾಲ ನನಗ ತಂಗಿ ಅನಬ್ಯಾಡ" ಅಂದೆಯಂತೆ. ಅವನು "ಹೌದ್ ತಂಗೆವ್ವಾ, ತಪ್ಪಾತು" ಅಂದನಂತೆ. ಅಷ್ಟೇ. ಅದರ ಮರುದಿನವೇ ಇಬ್ಬರೂ ಮಂಗಳೂರಿಗೆ ಹೋಗುವುದೆಂದು ಠರಾಯಿಸಿಬಿಟ್ಟರು. ಮಾಲಾಳ ಅಣ್ಣ ಅಮರೇಶ ಅಲ್ಲಿ ಕಟ್ಟಡದ ಕೆಲಸಕ್ಕಿದ್ದಾನಲ್ಲ, ಅವನ ಹತ್ತಿರ. ಮಂಗಳವಾರ ಬೆಳಗಿನ ಬಸ್ಸು. ಈ ಕಾಗದ ನಿನ್ನ ಕೈ ಸೇರಿದ ಮೇಲೆ ನಿನಗೆ ಒಂದು ರಾತ್ರಿಯ ಪುರಸತ್ತು ಇರುತ್ತದೆ. ಅದಕ್ಕಾಗಿಯೇ ಬರೆಯುತ್ತಿದ್ದೇನೆ. ತಪ್ಪು ಅವನದಲ್ಲ, ನನ್ನದು. ಇನ್ನು ಮೊದಲಿನಿಂದ ಹೇಳುತ್ತೇನೆ ಕೇಳು.

ದಸರೆ ಮುಗಿದ ಮೇಲೆ ಈ ಸಲ ಹಿಡಿದ ಮಳೆ ನಿನಗೆ ಗೊತ್ತೇ ಇದೆ. ಎರೆ ಮಣ್ಣು ಅಂಬಲಿಯಾಗಿ ಕುರಿಗಳ ಗೊರಸಿನ ಸಂದಿಯಲ್ಲಿ ಕೂತುಬಿಟ್ಟಿತು. ಮೊದಲು ಒಂದೆರಡು ಕುಂಟಿದವು. ನಂತರ ಹಿಂಡಿಗೆ ಹಿಂಡೇ ಕುಂಟತೊಡಗಿತು. ಕೆಲವಂತೂ ಮುಂಗಾಲು ಮಡಚಿ, ದೇವರಿಗೆ ಅಡ್ಡಬಿದ್ದ ಹಾಗೆ, ಮೊಣಕಾಲ ಮೇಲೆ ತೆವಳಿ ಮೇಯುತ್ತಿದ್ದವು. ಗೊರಸು ಬಿಡಿಸಿ ನೋಡಿದರೆ ಕೊಳೆತ ನಾತ. ನಮ್ಮಪ್ಪನ ಕಾಲದಲ್ಲಿ ಇದಕ್ಕೆ ಮೈಲುತುತ್ತದ ನೀರು ಮಾಡಿ ಕಾಲು ಅದ್ದಿಸುತ್ತಿದ್ದದ್ದು ನನಗೆ ನೆನಪಿತ್ತು. ನೆನಪು ಎಂದರೆ ಏನು ನೆನಪು? ನೀರಿನ ಬಣ್ಣ ನೆನಪಿತ್ತು, ನಮ್ಮಪ್ಪನ ಗತ್ತು ನೆನಪಿತ್ತು. ಎಷ್ಟು ನೀರಿಗೆ ಎಷ್ಟು, ಯಾವುದರಲ್ಲಿ, ಯಾವಾಗ, ಅದೊಂದೂ ನೆನಪಿರಲಿಲ್ಲ.

ಹನಮಪ್ಪ ತನ್ನ ದಾಳಿಂಬೆ ತೋಟಕ್ಕೆ ಸುಣ್ಣದ ಜೊತೆ ಕೂಡಿಸಿ ಹೊಡೆಯಲು ತಂದ ಮೈಲುತುತ್ತ ಉಳಿದಿತ್ತು. ಹಳೆಯ ಗೊಬ್ಬರದ ಚೀಲದಲ್ಲಿ ಸುತ್ತಿ ಕೊಟ್ಟ. ಎಂಥ ಬಣ್ಣ ಅಂತೀ! ನವಿಲಿನ ಕೊರಳು ಒಡೆದು ಹರಳು ಮಾಡಿದ ಹಾಗೆ. ಗೊತ್ತಿಲ್ಲದ ಮಗು ಕಲ್ಲುಸಕ್ಕರೆ ಎಂದು ಬಾಯಿಗೆ ಹಾಕಿಕೊಂಡೀತು. ದುರ್ಗೇಶ ಅದನ್ನು ನೋಡಿ, ದನದ ದವಾಖಾನೆಯಲ್ಲಿ ಒಂದು ಮಾತು ಕೇಳೋಣವೇ ಅಂದ. ನಾನು ಅವನನ್ನು ನೋಡಿ ನಕ್ಕೆ. "ಲೇ ದುರ್ಗ್ಯಾ, ಕುರಿ ನಡುವ ಹುಟ್ಟಿ ಕುರಿ ನಡುವ ಬೆಳದಾಂವ ನಾ. ನಾ ಅವ್ರನ್ನ ಕೇಳ್ಲೋ, ಅವ್ರು ನನ್ನ ಕೇಳ್ಬೇಕೋ?" ಯಜಮಾನ ನಕ್ಕಾಗ ಆಳು ನಗಬೇಕಲ್ಲ, ಅವನೂ ನಕ್ಕ.

ನಿನ್ನವ್ವ ಖಾರ ಕುಟ್ಟುವ ಒಳಕಲ್ಲಿನಲ್ಲೇ ಕುಟ್ಟಲು ಹೇಳಿದೆ. ಅವಳು ಮನೆಯಲ್ಲಿರಲಿಲ್ಲ. ಇದ್ದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಕೈಗೆ ಗವಸಿಲ್ಲ, ಮೂಗಿಗೆ ಅರಿವೆ ಇಲ್ಲ, ಕಣ್ಣಿಗೆ ಏನೂ ಇಲ್ಲ. ಗಾಳಿ ತಿರುಗಿತು. ಪುಡಿ ಎದ್ದು ಅವನ ಕಣ್ಣಿಗೆ ಬಿತ್ತು. ಉರಿಯುತ್ತದೆ ಅಂದ. ಆಮೇಲೆ ತೊಳೆದುಕೊಳ್ಳುವೆಯಂತೆ, ಮೊದಲು ಮುಗಿಸು ಅಂದೆ. ಮುಗಿಸಿದ. ನಾನು ಕಬ್ಬಿಣದ ಬಕೆಟ್ಟಿನಲ್ಲಿ ಅದನ್ನು ನೀರಿಗೆ ಸುರಿದು ಕಬ್ಬಿಣದ ಸಲಾಕೆಯಿಂದಲೇ ತಿರುವಿದೆ. ಬಣ್ಣ ನಮ್ಮಪ್ಪನ ನೀರಿನ ಬಣ್ಣಕ್ಕೆ ಬರುವ ತನಕ ಹಾಕುತ್ತ ಹೋದೆ. ಸಲಾಕೆ ತೆಗೆದರೆ ತುದಿಗೆ ತಾಮ್ರದ ಹಾಗೆ ಕೆಂಪು ಹತ್ತಿತ್ತು. ಅದನ್ನು ನೋಡಿ ಹೆದರಬೇಕಿತ್ತು. ನಾನು, ಔಷಧ ಎಷ್ಟು ಜೋರಿದೆ ನೋಡು ಎಂದು ಹಿಗ್ಗಿದೆ.

ಇನ್ನು ಕಾಲು ಅದ್ದಿಸುವುದು ಹೇಗೆ? ಕುರಿ ತಾನಾಗಿ ನೀರಿಗೆ ಕಾಲಿಡುವ ಪ್ರಾಣಿಯಲ್ಲ. ದೊಡ್ಡಿಯ ಬಾಗಿಲಲ್ಲಿ ತಗ್ಗು ತೋಡಿ, ತಾಡಪಲ್ ಹಾಸಿ, ಎರಡೂ ಬದಿಗೆ ಮುಳ್ಳು ಕಟ್ಟಿ ಒಂದೊಂದಾಗಿ ದಾಟಿಸೋಣ ಎಂದು ದುರ್ಗೇಶ ಅಂದ. ಅದಕ್ಕೆ ಅರ್ಧ ದಿನ ಬೇಕಿತ್ತು. ನನಗೆ ಅದಕ್ಕಿಂತ ಜಾಣ ಉಪಾಯ ಹೊಳೆಯಿತು. ದೊಡ್ಡಿಯ ಮುಂದೆ ನಮ್ಮ ಅಜ್ಜನ ಕಾಲದ ಕಲ್ಲಿನ ದೋಣಿಗಳು ಇವೆಯಲ್ಲ, ಅಮಾವಾಸ್ಯೆಗೆ ಕುರಿಗೆ ಉಪ್ಪು ಹಾಕುವವು? ನೀನು ನೋಡಿದ್ದೀ, ಉಪ್ಪಿಗೆ ಬಂದಾಗ ಅವು ಒಂದನ್ನೊಂದು ನೂಕಿಕೊಂಡು ದೋಣಿಯೊಳಗೇ ಮುಂಗಾಲಿಟ್ಟು ನಿಲ್ಲುತ್ತವೆ. ಬೈದರೂ ತೆಗೆಯುವುದಿಲ್ಲ. ನೀರನ್ನು ಅದರಲ್ಲೇ ಸುರಿದರೆ ತಾವಾಗಿಯೇ ಬಂದು ಕಾಲು ಅದ್ದುತ್ತವೆ, ತಗ್ಗೂ ಬೇಡ ಮುಳ್ಳೂ ಬೇಡ ಎಂದುಕೊಂಡೆ.

ದುರ್ಗೇಶ ಅಷ್ಟರಲ್ಲಿ ಕಣ್ಣು ಬಿಡಲಾಗದೆ ನೀರಿನ ತೊಟ್ಟಿಯ ಕಡೆಗೆ ಹೋದ. ಮಾಲಾ ಅವನ ಮುಖಕ್ಕೆ ನೀರು ಹೊಯ್ಯುತ್ತಿದ್ದಳು. ನಾನೊಬ್ಬನೇ ದೊಡ್ಡಿಯ ಬಾಗಿಲು ತೆಗೆದೆ. ಒಂದೂ ಹೊರಗೆ ಬರಲಿಲ್ಲ. ಕಾಲು ನೋವು, ನೆಲ ಕೆಸರು. ಆಗ ಉಪ್ಪಿನ ಕೂಗು ಹಾಕಿದೆ.

ಆ ಕೂಗನ್ನು ನಾವು ಬೇರೆ ಯಾವುದಕ್ಕೂ ಹಾಕುವುದಿಲ್ಲ. ಮೇಯಲು ಎಬ್ಬಿಸುವ ಸಿಳ್ಳೆ ಬೇರೆ, ತೋಳ ಬಂದರೆ ಹಾಕುವ ಕೇಕೆ ಬೇರೆ. ಇದು ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ತುರ್‍ರ್‍ ಎಂದು ಎಳೆದು ಕೊನೆಗೆ ಬ್ಯಾ ಎನ್ನುವುದು. ನಮ್ಮಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂದದ್ದು. ಇದನ್ನು ಕೇಳಿದರೆ ಕುರಿಗೆ ಉಪ್ಪು ಸಿಗುತ್ತದೆ, ಎಂದೂ ತಪ್ಪಿದ್ದಿಲ್ಲ. ನೀನು ಸಣ್ಣವಳಿದ್ದಾಗ ಸುಮ್ಮನೆ ಆಟಕ್ಕೆ ಆ ಕೂಗು ಹಾಕಿದ್ದಕ್ಕೆ ನಿನ್ನ ಬೆನ್ನಿಗೆ ಒಂದು ಕೊಟ್ಟಿದ್ದೆ, ನೆನಪಿದೆಯೇ? ಕುರಿಗೆ ಸುಳ್ಳು ಹೇಳಬಾರದು ಎಂದು ಹೇಳಿದ್ದೆ.

ಕುಂಟುವವು, ತೆವಳುವವು, ಎಲ್ಲ ಎದ್ದು ಬಂದವು. ಎರಡು ದಿನ ಮಳೆಗೆ ಹೆದರಿ ಒಳಗೇ ಕೂಡಿಹಾಕಿದ್ದೆ. ಬರೀ ಜೋಳದ ಒಣ ಕಣಿಕೆ ತಿಂದು ಗಂಟಲು ಒಣಗಿತ್ತು. ಎಲ್ಲಕ್ಕೂ ಮುಂದೆ ನಿನ್ನ ಮುದ್ದಿನ ಕುರಿ ಚುಕ್ಕಿ. ನಾನು ಅಂದುಕೊಂಡ ಹಾಗೆ ಕಾಲೂ ಇಟ್ಟವು. ಹಿಂದೆ ಉಳಿದ ಒಂದೆರಡನ್ನು ಹೊಡೆದುಕೊಂಡು ಬರಲು ನಾನು ತಿರುಗಿದೆ. ಮರಳಿ ನೋಡುವುದರೊಳಗೆ ತಲೆ ಬಗ್ಗಿಸಿ ಕುಡಿಯುತ್ತಿದ್ದವು. ಓಡಿ ಹೋಗಿ ಚದುರಿಸಿದೆ.

ಸಂಜೆಯ ಹೊತ್ತಿಗೆ ಬಾಯಿಂದ ಜೊಲ್ಲು, ಹಲ್ಲು ಕಡಿಯುವ ಸಪ್ಪಳ, ಹಸಿರು ನೀಲಿ ಕೂಡಿದ ಹಿಕ್ಕೆ. ದುರ್ಗೇಶ ನನ್ನನ್ನು ಕೇಳಲಿಲ್ಲ, ಒಂದೇ ಕಣ್ಣಿನಲ್ಲಿ ನಂಬರು ನೋಡಿ ದನದ ದವಾಖಾನೆಯ ಸೈರಾಬಾನು ಡಾಕ್ಟರಿಗೆ ಫೋನ್ ಮಾಡಿದ. ಆಯಮ್ಮ ಆ ಕೆಸರಿನಲ್ಲೂ ಸ್ಕೂಟರ್ ಮೇಲೆ ಬಂದರು. ದೋಣಿ ನೋಡಿದರು, ಸಲಾಕೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಇದು ತಾಮ್ರದ ಉಪ್ಪು ಕನಕಪ್ಪಾರ. ದನಾ ತಡಕೋತಾವ, ಆಡು ತಡಕೋತಾವ. ಕುರಿಗೆ ಮಾತ್ರ ತಾಮ್ರ ಆಗಿ ಬರೂದಿಲ್ಲ. ಮೈಯಾಗಿಂದು ಹೊರಗ ಹಾಕೂದ ಅದಕ್ಕ ಗೊತ್ತಿಲ್ರಿ." ಅಷ್ಟು ಹೇಳಿ ಸೆರಗು ಸಿಗಿಸಿ ಕೆಲಸಕ್ಕೆ ಕುಳಿತರು. ಮೊದಲು ದುರ್ಗೇಶನ ಕಣ್ಣು ನೋಡಿ, ಹರಿಯುವ ನೀರಿನಲ್ಲಿ ಇನ್ನೂ ತೊಳೆದುಕೋ, ನಂತರ ನೆಟ್ಟಗೆ ಮನುಷ್ಯರ ದವಾಖಾನೆಗೆ ಹೋಗು ಎಂದು ಗದರಿದರು. ಅವನು ಹೋಗಿದ್ದು ಮರುದಿನ.

ಕೆಲಸದ ನಡುನಡುವೆ ಅವರು ಹೇಳುತ್ತಿದ್ದ ಮಾತು ಈಗ ನನಗೆ ಬಾಯಿಪಾಠವಾಗಿದೆ. ಕಾಲು ಅದ್ದಿಸುವುದಿದ್ದರೆ ಮೊದಲು ಹೊಟ್ಟೆ ತುಂಬ ಒಳ್ಳೆಯ ನೀರು ಕುಡಿಸಬೇಕಂತೆ. ಬಾಯಾರಿದ ಕುರಿಯನ್ನು ಅದರ ಹತ್ತಿರಕ್ಕೂ ಬಿಡಬಾರದು. ಅವು ಯಾವುದರಲ್ಲಿ ತಿಂದು ಕುಡಿದು ಮಾಡುತ್ತವೋ ಅದರಲ್ಲಿ ಎಂದೆಂದಿಗೂ ಹಾಕಬಾರದು. ಕಬ್ಬಿಣವನ್ನು ಅದು ತಿನ್ನುತ್ತದೆ, ಪ್ಲಾಸ್ಟಿಕ್ಕಿನಲ್ಲೇ ಕಲಸಬೇಕು, ಅಳತೆ ಮಾಡಿಯೇ ಹಾಕಬೇಕು. ಕಲಸುವವನ ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ, ಮೂಗಿಗೆ ಅರಿವೆ ಇರಬೇಕು. ದಾಟಿದ ಕುರಿಗಳನ್ನು ಕಾಲು ಒಣಗುವ ತನಕ ಹುಲ್ಲಿಲ್ಲದ ಗಟ್ಟಿ ನೆಲದ ಮೇಲೆ ನಿಲ್ಲಿಸಬೇಕು, ಇಲ್ಲದಿದ್ದರೆ ಕಾಲಿನಿಂದ ಹುಲ್ಲಿಗೆ, ಹುಲ್ಲಿನಿಂದ ಬಾಯಿಗೆ. ಇಷ್ಟೆಲ್ಲ ಮಾಡುವ ಬದಲು ಸತುವಿನ ಉಪ್ಪು ಸಿಗುತ್ತದೆ, ಕುರಿಗೆ ಅದು ಇದಕ್ಕಿಂತ ವಾಸಿ, ಒಂದು ಮಾತು ಕೇಳಿದ್ದರೆ ನಾನೇ ತರಿಸಿ ಕೊಡುತ್ತಿದ್ದೆ ಅಂದರು. ಆ ಒಂದು ಮಾತನ್ನು ದುರ್ಗೇಶ ಕೇಳೋಣ ಅಂದಿದ್ದ. ಅದನ್ನು ನಾನು ಅಲ್ಲಿ ಹೇಳಲಿಲ್ಲ.

ಉಳಿದ ನೀರನ್ನು ಗಟಾರಕ್ಕೆ ಚೆಲ್ಲಬೇಕೆಂದು ನಾನು ದೋಣಿ ವಾಲಿಸಲು ಬಗ್ಗಿದ್ದೆ. ಅವರು ನನ್ನ ಕೈ ಹಿಡಿದರು. ಗಟಾರ ಹಳ್ಳಕ್ಕೆ ಹೋಗುತ್ತದೆ, ಹಳ್ಳದ ಮೀನು ಕಪ್ಪೆಗಳನ್ನೂ ಕೊಲ್ಲುವಿರೇನು ಅಂದರು. ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿಸಿ, ಸುಣ್ಣ ಕೂಡಿಸಿ, ಬಾವಿಗೂ ಹಳ್ಳಕ್ಕೂ ದೂರದಲ್ಲಿ ದುರ್ಗೇಶನ ಕೈಯಲ್ಲಿ ಹುಗಿಸಿದರು. ಆ ರಾತ್ರಿ ಮತ್ತು ಮರುದಿನ ಸತ್ತವುಗಳನ್ನೂ ಅವನೇ ಆಳವಾಗಿ ತೋಡಿ ಹುಗಿದ. ಮಾಂಸಕ್ಕೆ ಕೇಳಿಕೊಂಡು ಬಂದವನನ್ನು ನಾನು ಬೈದು ಕಳಿಸಿದೆ. ನಾನು ಮಾಡಿದ ಒಂದೇ ಚಲೋ ಕೆಲಸ ಅದು. ಅದನ್ನು ಬರೆಯಬೇಡಿ, ಬಡಾಯಿ ಅನ್ನಿಸುತ್ತದೆ ಎಂದು ನಿನ್ನವ್ವ ಹೇಳಿದ್ದಳು.

ಚುಕ್ಕಿ ಆಗ ಸಾಯಲಿಲ್ಲ. ಇದು ಮುಗಿದಿಲ್ಲ, ತಾಮ್ರ ಲಿವರಿನಲ್ಲಿ ಕೂತಿರುತ್ತದೆ, ಎಂಟು ಹತ್ತು ದಿನದ ಮೇಲೂ ಒಡೆದುಕೊಂಡೀತು, ಓಡಾಡಿಸಬೇಡಿ, ಹೆದರಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಬಾಯಿಗೆ ಹಾಕಲು ಔಷಧವನ್ನೂ ಕೊಟ್ಟಿದ್ದರು. ಆದರೆ ಅವಳು ಕೈಯಿಂದ ಸೊಪ್ಪು ತಿಂದಳು, ನಿನ್ನವ್ವನ ಸೆರಗು ಜಗಿದಳು, ಗೆದ್ದೆವು ಅಂದುಕೊಂಡೆ. ನಿನಗೆ ಹೇಳದೆ ಇದ್ದದ್ದು ಅದಕ್ಕೇ. ನಿನ್ನ ತೊಟ್ಟಿಲಿಗೆ ಸೋದರಮಾವ ಕೊಟ್ಟ ಕುರಿಯ ಮೊಮ್ಮಗಳು, ತಾಯಿ ಸತ್ತಾಗ ನೀನು ಒಲೆಯ ಮುಂದೆ ಇಟ್ಟುಕೊಂಡು ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿದವಳು. ಗಂಡನ ಮನೆಗೆ ಹೊರಟಾಗ ನನ್ನನ್ನು ಅಪ್ಪಿ ಅತ್ತದ್ದಕ್ಕಿಂತ ಅವಳನ್ನು ಅಪ್ಪಿ ಅತ್ತದ್ದೇ ಹೆಚ್ಚು. ದೀಪಾವಳಿಗೆ ಮೂರು ದಿನ ಮೊದಲು ಅವಳ ಕಣ್ಣು ಅರಿಶಿನದ ಹಾಗೆ ಹಳದಿಯಾಯಿತು. ಮೂತ್ರ ಕೆಂಪಗೆ, ಚಹಾದ ಕಷಾಯದ ಹಾಗೆ. ಡಾಕ್ಟರು ಮತ್ತೆ ಬಂದರು. ಈ ಸಲ ಏನೂ ಬೈಯಲಿಲ್ಲ, ಅದರಿಂದಲೇ ನನಗೆ ತಿಳಿಯಿತು. ಮಾಲಾಳ ತೊಡೆಯ ಮೇಲೆ ತಲೆಯಿಟ್ಟು ಹೋದಳು.

ಇನ್ನು ಕಳಕವ್ವನ ಕಥೆ ಹೇಗೆ ಹುಟ್ಟಿತು ಎಂಬುದು. ಮೊದಲ ಸಾವುಗಳ ಸುದ್ದಿ ಕೇಳಿ ಅವಳು ಶಿರೋಳದಿಂದ ಬಂದಳು. ಕಟ್ಟೆಯ ಮೇಲೆ ಹನಮಪ್ಪ, ಓಣಿಯ ನಾಲ್ಕು ಜನ, ನಾನು ಚಹಾ ಕುಡಿಯುತ್ತ ಕುಳಿತಿದ್ದೆವು. ಅಂಗಳದಲ್ಲಿ ದುರ್ಗೇಶ. ಅವನ ಉಗುರುಗಳು ನೀಲಿ, ಕಣ್ಣುಗಳು ಕೆಂಡ. ಆ ಕೆಂಪು ಮೈಲುತುತ್ತದ ಪುಡಿಯದು. ನೋಡಿದವರು ಅಪರಾಧಿ ಅಳುತ್ತಿದ್ದಾನೆ ಅಂದುಕೊಂಡರು. ನನ್ನ ತಂಗಿ ಚೀಲವನ್ನೂ ಕೆಳಗಿಡಲಿಲ್ಲ, "ಈಗ ಕಣ್ಣೀರ ಹಾಕಿದ್ರ ಸತ್ತ ಕುರಿ ಎದ್ದ ಬರ್ತಾವೇನೋ ದುರ್ಗ್ಯಾ?" ಅಂದಳು. ದುರ್ಗೇಶ ಒಂದು ಸಲ, ಒಂದೇ ಸಲ, ನನ್ನ ಕಡೆ ನೋಡಿದ.

ನಾನು ಚಹಾ ಕುಡಿದೆ. ಚಹಾಕ್ಕೆ ಸಕ್ಕರೆ ಹಾಕಿರಲಿಲ್ಲ. ಅದನ್ನೂ ಹೇಳಲಿಲ್ಲ.

ನಾನು ಅವನ ಮೇಲೆ ಹೊರಿಸಲಿಲ್ಲ ಮಗಳೇ. ಹೊರಿಸಿದ್ದನ್ನು ಇಳಿಸಲಿಲ್ಲ, ಅಷ್ಟೇ. ಎರಡಕ್ಕೂ ಬಹಳ ಫರಕು ಇದೆ ಎಂದು ಹಬ್ಬದ ತನಕ ನನಗೆ ನಾನೇ ಹೇಳಿಕೊಂಡೆ. ರೋಣದಿಂದ, ಗಜೇಂದ್ರಗಡದಿಂದ ಜನ ಕುರಿಯ ವಿಷಯ ಕೇಳಲು ನನ್ನ ಕಟ್ಟೆಗೆ ಬರುತ್ತಾರೆ. ಆ ಕಟ್ಟೆಯ ಮೇಲೆ ಕುಳಿತು ನನಗೇ ತಿಳಿಯಲಿಲ್ಲ ಎನ್ನುವುದು ನನಗೆ ಆಗಲಿಲ್ಲ. ನಿನ್ನವ್ವ ಎಲ್ಲ ಬಲ್ಲಳು. ಒಳಕಲ್ಲನ್ನು ಒಡೆದು ಹುಗಿಸಿದ ದಿನದಿಂದ ನನ್ನ ತಾಟನ್ನು ಸಪ್ಪಳ ಮಾಡಿಯೇ ಇಡುತ್ತಾಳೆ. ಮೊನ್ನೆ ಅಂದಳು: "ಕುರಿಗೆ ಮಾತ ಬರ್ತಿದ್ರ ಇಷ್ಟೊತ್ತಿಗೆ ನಿಮ್ಮನ್ನ ಪಂಚೇತಿಗೆ ಕರೀತಿದ್ವು. ಬರೂದಿಲ್ಲಂತ ನೀವು ಪಾರಾಗೀರಿ. ರೇಷ್ಮಾಗ ನೀವು ಹೇಳ್ತೀರೋ, ನಾ ಹೇಳ್ಲೋ?"

ಹಾಗಾಗಿ ಹೇಳುತ್ತಿದ್ದೇನೆ. ಕಾಲು ಕೊಳೆ ಇನ್ನೂ ಸುತ್ತಲಿನ ಹಿಂಡುಗಳಲ್ಲಿ ಇದೆ. ಹನಮಪ್ಪನ ಮೈಲುತುತ್ತ ಇನ್ನೂ ಎಷ್ಟೋ ಮನೆಗೆ ಹೋಗಿದೆ. ಇವತ್ತು ಸಂಜೆ ಕುರಿಗಾರರೆಲ್ಲ ಹನಮಪ್ಪನ ಅಂಗಳದಲ್ಲಿ ಕೂಡುತ್ತಾರೆ. ತಾನು ಹೇಳಿದರೆ ಭಾಷಣ ಆಗುತ್ತದೆ, ನೀವು ಹೇಳಿದರೆ ಕೇಳುತ್ತಾರೆ ಎಂದು ಡಾಕ್ಟರು ನನ್ನನ್ನು ಕೇಳಿಕೊಂಡಿದ್ದಾರೆ. ಹೋಗುತ್ತೇನೆ. ದುರ್ಗೇಶನನ್ನೂ ಬರಲು ಹೇಳಿದ್ದೇನೆ.

ನೀನು ಅವನಿಗೆ ಫೋನ್ ಮಾಡು. ಇರು ಎಂದು ಹೇಳಲು ನನಗೆ ಬಾಯಿಲ್ಲ, ನಿನಗೂ ಬೇಡ. ಹೋಗುವವನು ಹೋಗಲಿ. ಆದರೆ ಆ ಮಾತನ್ನು ಹೊತ್ತುಕೊಂಡು ಹೋಗುವುದು ಬೇಡ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಕಾಳಕಾಲೇಶ್ವರ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ, ಮನೆ ತುಂಬ ಹಾಲು ಮೊಸರು ಇರಲಿ.

ಇಂತಿ ನಿನ್ನ ಅಪ್ಪ,
ಕನಕಪ್ಪ

ತಾ.ಕ.: ಸೋಮವಾರ, ಬೆಳಿಗ್ಗೆ. ಮುಜಫ್ಫರ ಇನ್ನೂ ಚೀಲ ಹೇರುತ್ತಿದ್ದಾನೆ, ಅಷ್ಟರಲ್ಲಿ ಇದನ್ನು ಬರೆಯುತ್ತೇನೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಹರಿದು ಹಾಕಿ ಬೇರೆ ಬರೆಯಬಹುದಿತ್ತು. ಆದರೆ ನಿನಗೆ ಹೇಳುವಾಗಲೂ ಸುಳ್ಳು ಬಂತು ಎಂಬುದು ನಿನಗೆ ಗೊತ್ತಿರಲಿ ಎಂದು ಹಾಗೇ ಬಿಟ್ಟಿದ್ದೇನೆ.

ನಾನು ತಿರುಗಿರಲಿಲ್ಲ. ಹಿಂದೆ ಉಳಿದ ಕುರಿ ಯಾವುದೂ ಇರಲಿಲ್ಲ. ಚುಕ್ಕಿ ಮೊದಲು ನೆಕ್ಕಿದಳು, ಉಪ್ಪಲ್ಲ ಎಂದು ತಿಳಿದು ತಲೆ ಎತ್ತಿ ನನ್ನ ಮುಖ ನೋಡಿದಳು. ಗದ್ದದಿಂದ ನೀಲಿ ನೀರು ತೊಟ್ಟಿಕ್ಕುತ್ತಿತ್ತು. ನಮ್ಮಪ್ಪ ವರ್ಷಕ್ಕೊಮ್ಮೆ ಜಂತು ಸಾಯಲಿ ಎಂದು ಇದೇ ನೀರನ್ನು ಕುರಿಗಳಿಗೆ ಒಂದು ಚಮಚೆ ಕುಡಿಸುತ್ತಿದ್ದ. ಅದೂ ನನಗೆ ಅರ್ಧ ನೆನಪು. ಒಂದು ಗುಟುಕು ಒಳ್ಳೆಯದೇ ಅಂದುಕೊಂಡು ಅವಳ ಹಣೆಯ ಬಿಳಿ ಚುಕ್ಕೆಯನ್ನು ಸವರಿದೆ. "ಕುಡಿ ಕುಡಿ, ಹೊಟ್ಟ್ಯಾನ ಜಂತು ಸಾಯ್ತಾವ" ಅಂದೆ. ನಾನು ಹೇಳಿದೆನೆಂದು ಅವಳು ಕುಡಿದಳು. ಅವಳು ಕುಡಿದಳೆಂದು ಉಳಿದವು ಕುಡಿದವು.

ನಿನ್ನೆ ಇದನ್ನು ಎಲ್ಲರ ಮುಂದೆ ಹೇಳಿದೆ. ಗೋಡೆಗೆ ಆತು ಕುಳಿತಿದ್ದ ದುರ್ಗೇಶ ಬಾಯಿ ಬಿಟ್ಟ. "ನಾ ನೋಡಿದ್ದೆ ಯಜಮಾನ್ರ. ತೊಟ್ಟಿ ಕಡೆಯಿಂದ, ಒಂದು ಕಣ್ಣು ತೆರದಿತ್ತು. ನೀವು ಅಕಿ ತಲಿ ಸವರಿದ್ದ ಕಂಡಿತ್ತು." ಹಾಗಾದರೆ ರೇಷ್ಮಾಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಮಗಳ ಮುಂದ ಅಪ್ಪನ ಹೆಸರ ಹ್ಯಾಂಗ ಹೇಳಲ್ರಿ" ಅಂದ.

ಕೇಳಿದವರ ಕಣ್ಣಿಗೆ ರಾತ್ರಿ ನಿದ್ದೆ ಹತ್ತಿತೋ ಇಲ್ಲವೋ, ಇವತ್ತು ಬೆಳಕು ಹರಿಯುವುದರೊಳಗೆ ಓಣಿಯಲ್ಲಿ ಓಡಾಟ ಶುರುವಾಗಿತ್ತು. ಹನಮಪ್ಪ ಕೈಗೆ ರಬ್ಬರ್ ಗವಸು ಹಾಕಿಕೊಂಡು, ತಾನು ಕೊಟ್ಟ ಮನೆಮನೆಗೆ ಹೋಗಿ ಮೈಲುತುತ್ತ ಮರಳಿ ಕೇಳುತ್ತಿದ್ದ. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮೇಲೆ ವಿಷ ಎಂದು ದೊಡ್ಡದಾಗಿ ಬರೆದು, ಪಂಪಿನ ಮನೆಯಲ್ಲಿಟ್ಟು ಕೀಲಿ ಹಾಕಿದ. ರಾಜಮಾ ಮುದುಕಿ ತನ್ನ ಅರಿಶಿನದ ಡಬ್ಬಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದಳಂತೆ. ಆ ಮೈಲುತುತ್ತದ ಗಂಟನ್ನು ಉದ್ದ ಸೌಟಿನ ತುದಿಗೆ ಕಟ್ಟಿ ಹಾವು ಹಿಡಿದ ಹಾಗೆ ಹಿಡಿದುಕೊಂಡು ಬಂದಳು. ಯಾರೂ ನಗಲಿಲ್ಲ.

ನಾನು ದೊಡ್ಡಿಗೆ ಬಂದಾಗ ಅಜ್ಜನ ದೋಣಿಗಳನ್ನು ಯಾರೋ ಆಗಲೇ ಬೋರಲು ಹಾಕಿದ್ದರು. ಆಚೆ ಎತ್ತರದ ಒಣ ನೆಲದ ಮೇಲೆ ಹೊಸ ಚಪ್ಪಡಿಗಳನ್ನು ಸಾಲಾಗಿ ಹಾಸಿ ಮಾಲಾ ತೊಳೆಯುತ್ತಿದ್ದಳು. ದುರ್ಗೇಶ ಅವುಗಳ ಮೇಲೆ ಉಪ್ಪು ಇಡುತ್ತಿದ್ದ. ಮನೆಯ ಒಳಗೆ ಅವರ ಗಂಟುಗಳು ಕಟ್ಟಿದ ಹಾಗೇ ಇವೆ, ಬಸ್ಸು ನಾಳೆಯದೇ. ಆ ದಿನದಿಂದ ಕುರಿಗೆ ಉಪ್ಪು ಹಾಕಿಲ್ಲ ರೇಷ್ಮಾ. ದೀಪಾವಳಿ ಅಮಾವಾಸ್ಯೆಯೂ ಹಾಗೇ ಹೋಯಿತು. ನನ್ನ ಗಂಟಲಿನಿಂದ ಆ ಕೂಗು ಹೊರಡುತ್ತಿರಲಿಲ್ಲ. ನೀನೇ ಕೂಗು ಎಂದು ದುರ್ಗೇಶನಿಗೆ ಅಂದೆ. ಅವನು ತಲೆ ಅಲ್ಲಾಡಿಸಿದ. "ನಾ ನಾಳೆ ಇರೂದಿಲ್ರಿ. ನೀವ ಕೂಗ್ರಿ" ಅಂದ.

ಕೂಗಿದೆ. ಅರ್ಧಕ್ಕೆ ಧ್ವನಿ ಒಡೆಯಿತು. ಅವು ಬಾರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದಾದರೂ ಹಿಂದೆ ನಿಂತು, ಅನುಮಾನದಿಂದ ನನ್ನ ಮುಖ ನೋಡಲಿ ಎಂದು ಕಾದೆ.

ಎಲ್ಲವೂ ಓಡಿ ಬಂದವು.